ರಿಕೋ ಜಿಆರ್ 3: ಹಿಂದೆ ಸರಿಯಲು ಜಾಗವಿಲ್ಲದ ಊರಿಗೆ ಹೇಳಿ ಮಾಡಿಸಿದ ಕ್ಯಾಮೆರಾ

ಮೊದಲೇ ಹೇಳಿಬಿಡುತ್ತೇನೆ. ಹಕ್ಕಿ, ಕ್ರಿಕೆಟ್, ಮದುವೆಮನೆ, ಮಗುವಿನ ಸ್ಕೂಲ್ ಡೇ ಡ್ಯಾನ್ಸ್ ಇವುಗಳ ಫೋಟೋ ಬೇಕು ಅನ್ನುವವರಿಗೆ ಈ ಕ್ಯಾಮೆರಾ ಅಲ್ಲ. ಇದರಲ್ಲಿ ಜೂಮ್ ಇಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಫ್ಲ್ಯಾಶ್ ಇಲ್ಲ. ಹಿಂದಿನ ಪರದೆ ಮೇಲಕ್ಕೂ ತಿರುಗುವುದಿಲ್ಲ, ಪಕ್ಕಕ್ಕೂ ತಿರುಗುವುದಿಲ್ಲ. ವಿಡಿಯೋ ಇದೆ, ಹೆಸರಿಗೆ. ಇಷ್ಟೆಲ್ಲ ಇಲ್ಲದ್ದಕ್ಕೆ ಒಂದು ಒಳ್ಳೆ ಫೋನಿನಷ್ಟು ದುಡ್ಡು ಕೊಡಬೇಕು. ಆದರೂ ಮುಂಬಯಿಯಲ್ಲಿ ಇದ್ದುಕೊಂಡು, ದಿನಾ ಲೋಕಲ್ ರೈಲಿನಲ್ಲಿ ಓಡಾಡಿಕೊಂಡು, ಮನೆ, ಆಫೀಸು, ಮಾರ್ಕೆಟ್ಟು ಇಷ್ಟರಲ್ಲೇ ಕಣ್ಣಿಗೆ ಬಿದ್ದದ್ದರ ಫೋಟೋ ತೆಗೆಯುವವರಿಗೆ ಇದಕ್ಕಿಂತ ಸರಿಯಾದ ಕ್ಯಾಮೆರಾ ನಾನಂತೂ ನೋಡಿಲ್ಲ.

ಕಾರಣ ಒಂದೇ. ಈ ಊರಿನಲ್ಲಿ ಹಿಂದೆ ಸರಿಯಲು ಜಾಗ ಇಲ್ಲ.

ಫೋಟೋಗ್ರಫಿ ಹೇಳಿಕೊಡುವವರೆಲ್ಲ ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ ಅನ್ನುತ್ತಾರೆ. ಎಲ್ಲಿಗೆ ಹೋಗುವುದು? ಲೋಕಲ್‌ನಲ್ಲಿ ಹಿಂದೆ ಇನ್ನೊಬ್ಬರ ಚೀಲ, ಫುಟ್‌ಪಾತಿನಲ್ಲಿ ಹಿಂದೆ ವಡಾಪಾವ್ ಗಾಡಿ, ಮನೆಯೊಳಗೆ ಹಿಂದೆ ಕಪಾಟು. ನಾಯ್ಗಾಂವ್‌ನ ಬಿಡಿಡಿ ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ಹಳೆ ವಠಾರದಲ್ಲಿ, ನಮ್ಮ ದೊಡ್ಡಮ್ಮನ ಖೋಲಿ (ಕೋಣೆ) ಇದೆ. 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಚಾಳುಗಳು ಇವು, ಒಂದೊಂದು ಖೋಲಿ 160 ಚದರಡಿ. ಅದರಲ್ಲೇ ಅಡುಗೆ, ಅದರಲ್ಲೇ ಬಚ್ಚಲು, ಅದರಲ್ಲೇ ಮಂಚ, ದೇವರು, ಟಿವಿ. ಅಲ್ಲಿಗೆ 50 ಎಂಎಂ ಲೆನ್ಸ್ (ಈ ಸಂಖ್ಯೆ ಸಣ್ಣದಾದಷ್ಟು ಲೆನ್ಸ್ ಹಿಡಿಯುವ ಅಗಲ ಹೆಚ್ಚು) ತೆಗೆದುಕೊಂಡು ಹೋದರೆ ದೊಡ್ಡಮ್ಮನ ಮುಖ ಸಿಗುತ್ತದೆ, ಹಣೆಯ ಕುಂಕುಮ ಸಿಗುತ್ತದೆ, ಆಮೇಲೆ ಮುಗಿಯಿತು. ಅವಳ ಹಿಂದೆ ಸಾಲಾಗಿ ಜೋಡಿಸಿದ ಸ್ಟೀಲ್ ಡಬ್ಬಗಳು, ಗೋಡೆಗೆ ಬಡಿದ ಮೊಳೆಯಲ್ಲಿ ನೇತಾಡುವ ಇಡ್ಲಿ ತಟ್ಟೆ, ಹಾಲಿನವನ ಲೆಕ್ಕ ಬರೆದ ಕ್ಯಾಲೆಂಡರ್ ಇವೆಲ್ಲ ಚೌಕಟ್ಟಿನ ಹೊರಗೆ. ಅವೂ ಬೇಕು ಅಂದರೆ ಬಾಗಿಲು ದಾಟಿ ಗ್ಯಾಲರಿಗೆ, ಅಂದರೆ ಹೊರಗಿನ ಉದ್ದ ಮೊಗಸಾಲೆಗೆ, ಹೋಗಬೇಕು, ಅಲ್ಲಿ ಪಕ್ಕದ ಮನೆಯ ಕಾಕು ಅಕ್ಕಿ ಆರಿಸುತ್ತಾ ಕೂತಿರುತ್ತಾರೆ.

ಲೆಕ್ಕ ಬೇಕಾದವರಿಗೆ: ಎರಡು ಮೀಟರ್ ದೂರದಲ್ಲಿ ನಿಂತರೆ 50 ಎಂಎಂ ಲೆನ್ಸ್ ಹಿಡಿಯುವುದು ಒಂದೂವರೆ ಮೀಟರಿಗೂ ಕಡಿಮೆ ಅಗಲ. 28 ಎಂಎಂ ಲೆನ್ಸ್ ಸುಮಾರು ಎರಡೂವರೆ ಮೀಟರ್ ಹಿಡಿಯುತ್ತದೆ. ಜಿಆರ್ 3ರಲ್ಲಿ ಇರುವುದು ಈ 28ಕ್ಕೆ ಸಮನಾದ ನೋಟ. ಆ ಒಂದು ಮೀಟರ್ ವ್ಯತ್ಯಾಸದಲ್ಲೇ ದೊಡ್ಡಮ್ಮನ ಸಂಸಾರ ಪೂರ್ತಿ ಇದೆ. ನಾನು ತೆಗೆದ ಫೋಟೋ ನೋಡಿ ಅವಳು ಬೈದದ್ದು ಬೇರೆ ವಿಷಯ. "ಮೊದಲೇ ಹೇಳಿದ್ದರೆ ಸೀರೆಯಾದ್ರೂ ಬದಲಿಸ್ತಿದ್ದೆ ಮಾರಾಯ್ತಿ, ಆ ಹರಿದ ಮಸಿಬಟ್ಟೆ ಯಾಕೆ ತೆಗೆದೆ?" ಮಸಿಬಟ್ಟೆಗಾಗಿಯೇ ತೆಗೆದದ್ದು ಅಂತ ಹೇಳುವ ಧೈರ್ಯ ನನಗೆ ಇರಲಿಲ್ಲ. ಒಲೆಯ ಪಕ್ಕ, ಕಿಟಕಿಯ ಸರಳಿಗೆ ಕಟ್ಟಿದ ಆ ಬಟ್ಟೆಯ ತೂತಿನಿಂದ ಒಂದು ಬಿಸಿಲ ಚುಕ್ಕೆ ಬಂದು ಅವಳ ಮೊಣಕೈ ಮೇಲೆ ಕೂತಿತ್ತು.

ಇಲ್ಲಿ ಒಂದು ಮಾತು. ಚಾಳಿನ ಫೋಟೋ ಚೆಂದ ಬರುತ್ತದೆ ಅಂತ ಯಾರೂ 160 ಚದರಡಿಯಲ್ಲಿ ಬದುಕಬೇಕಾಗಿಲ್ಲ. ಈ ಚಾಳುಗಳನ್ನು ಕೆಡವಿ ಟವರ್ ಕಟ್ಟುತ್ತಿದ್ದಾರೆ, ಹೊಸ ಮನೆ 500 ಚದರಡಿಯದ್ದು. ವರ್ಲಿಯಲ್ಲಿ ಕೆಲವರಿಗೆ 2025ರಲ್ಲಿ ಕೀಲಿಯೂ ಸಿಕ್ಕಿತು. ದೊಡ್ಡಮ್ಮ ಅದನ್ನೇ ಕಾಯುತ್ತಿದ್ದಾಳೆ. ಮನೆಯೊಳಗೆ ಸ್ವಂತ ಪಾಯಖಾನೆ, ಲಿಫ್ಟು, ಇದರ ಮುಂದೆ ನನ್ನ ಬಿಸಿಲ ಚುಕ್ಕೆ ಯಾವ ಲೆಕ್ಕ? ದಿನನಿತ್ಯದಲ್ಲಿ ಚೆಲುವು ಹುಡುಕುವುದು ಅಂದರೆ ಕಷ್ಟಕ್ಕೆ ಬಣ್ಣ ಹಚ್ಚುವುದಲ್ಲ. ಇದು ಗೊತ್ತಿಲ್ಲದೆ ಕ್ಯಾಮೆರಾ ನೇತುಹಾಕಿಕೊಂಡು ಧಾರಾವಿಗೆ ಹೊರಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕ್ಯಾಮೆರಾಕ್ಕೆ ಬರೋಣ. ಜಿಆರ್ ಅನ್ನುವ ಹೆಸರು ಹಳೆಯದು. 1996ರಲ್ಲಿ ಜಿಆರ್ 1 ಅಂತ ಫಿಲ್ಮ್ ಕ್ಯಾಮೆರಾ ಬಂತು. ಅದರಲ್ಲೂ ಇದೇ 28 ಎಂಎಂ, ಎಫ್ 2.8 ಲೆನ್ಸ್ (ಎಫ್ ಅಂದರೆ ಬೆಳಕು ಒಳಬಿಡುವ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಸಣ್ಣದು). 2005ರಲ್ಲಿ ಡಿಜಿಟಲ್ ಆಯಿತು, 2013ರಲ್ಲಿ ಸೆನ್ಸರ್ ದೊಡ್ಡದಾಯಿತು, ಜಿಆರ್ 3 ಬಂದದ್ದು 2019ರ ಮಾರ್ಚ್‌ನಲ್ಲಿ. ಇದರೊಳಗೆ ಇರುವುದು ಎಪಿಎಸ್-ಸಿ ಸೆನ್ಸರ್, ಅಂದರೆ ಜನ ಹೆಗಲಿಗೆ ಹಾಕಿಕೊಂಡು ತಿರುಗುವ ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವಷ್ಟೇ ದೊಡ್ಡದು. 24 ಮೆಗಾಪಿಕ್ಸೆಲ್. ಬ್ಯಾಟರಿ, ಕಾರ್ಡ್ ಸೇರಿ ತೂಕ 257 ಗ್ರಾಂ. ಗಾತ್ರ ಒಂದು ಸೋಪಿನ ಡಬ್ಬದಷ್ಟು. ಕುರ್ತಾದ ಜೇಬಿನಲ್ಲಿ ಹಿಡಿಸುತ್ತದೆ. ಹೆಂಗಸರ ಬಟ್ಟೆಗೆ ಜೇಬು ಇಡುವ ದರ್ಜಿ ಸಿಕ್ಕಿದರೆ, ಅದು ಬೇರೆ ಕಥೆ. ಗುಂಡಿ ಒತ್ತಿದರೆ ಒಂದು ಸೆಕೆಂಡಿನೊಳಗೆ ಲೆನ್ಸ್ ಹೊರಗೆ ಬಂದು ತಯಾರಾಗುತ್ತದೆ. ಎಲ್ಲ ಗುಂಡಿಗಳೂ ಬಲಗೈ ಬೆರಳಿಗೆ ಸಿಗುವ ಹಾಗಿವೆ, ಎಡಗೈಗೆ ಮೇಲಿನ ಹಿಡಿಕೆ ಹಿಡಿಯಲು ಬಿಡುವು. ಲೋಕಲ್‌ನಲ್ಲಿ ನಿಂತು ಹೋಗುವವರಿಗೆ ಮಾತ್ರ ಇದರ ಬೆಲೆ ಗೊತ್ತು.

ನಾನು ಉಪನಗರ ಡೊಂಬಿವಲಿಯಿಂದ ದಕ್ಷಿಣ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿ ಬರುವವಳು. ಬೆಳಿಗ್ಗೆ ರೈಲಿನ ಡಬ್ಬದಲ್ಲಿ ಕೈ ಎತ್ತಿದರೆ ಇಳಿಸಲು ಆಗುವುದಿಲ್ಲ, ಆದರೂ ಕಿಟಕಿ ಪಕ್ಕ ಜಾಗ ಸಿಕ್ಕಿದ ದಿನ ಹಬ್ಬ. ಕಲ್ವಾ ದಾಟಿ ಗಾಡಿ ಥಾಣೆ ಖಾಡಿಯ ಸೇತುವೆ ಮೇಲೆ ಬಂದಾಗ ಅಕ್ಕಪಕ್ಕದ ಕಟ್ಟಡಗಳೆಲ್ಲ ಒಮ್ಮೆಲೇ ಮಾಯ. ಬಿಸಿಲು ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ನುಗ್ಗಿ ಪಟ್ಟೆಪಟ್ಟೆಯಾಗಿ ಎಲ್ಲರ ಮೇಲೆ ಬೀಳುತ್ತದೆ. ಸ್ಟೀಲಿನ ಹಿಡಿಕೆಗಳು ಒಂದೇ ತಾಳದಲ್ಲಿ ಅಲ್ಲಾಡುತ್ತವೆ, ಒಂದೊಂದು ಹಿಡಿಕೆಯಲ್ಲೂ ಮೂರು ನಾಲ್ಕು ಬಳೆಗಳ ಗುಂಪು, ಒಂದರಲ್ಲಿ ಹಸಿರು ಗಾಜು, ಪಕ್ಕದ್ದರಲ್ಲಿ ಒಂದೇ ಒಂದು ಕಪ್ಪು ರಬ್ಬರ್ ಬ್ಯಾಂಡ್. ಇದೆಲ್ಲ ಇರುವುದು ಕೆಲವೇ ಸೆಕೆಂಡು. ಆಮೇಲೆ ಮತ್ತೆ ಗೋಡೆ, ಮತ್ತೆ ಕಟ್ಟಡ, ಮತ್ತೆ ಟ್ಯೂಬ್‌ಲೈಟಿನ ಬೆಳಕು.

ಈ ಬೆಳಕನ್ನು ಹಿಡಿಯುವುದು ಫೋನಿಗೆ ಕಷ್ಟ. ಫೋನ್ ತುಂಬಾ ಒಳ್ಳೆಯದು, ಅದೇ ತೊಂದರೆ. ಅದು ಹಲವು ಎಕ್ಸ್‌ಪೋಷರ್ (ಒಂದೊಂದು ಸಲ ಒಳಗೆ ಬಿಟ್ಟ ಬೆಳಕು) ಸೇರಿಸಿ, ಕತ್ತಲಲ್ಲಿ ಇದ್ದದ್ದನ್ನು ಬೆಳಗಿಸಿ, ಜಾಸ್ತಿ ಬೆಳಗಿದ್ದನ್ನು ತಗ್ಗಿಸಿ, ಎಲ್ಲರಿಗೂ ಸಮಪಾಲು ಮಾಡಿ ಕೊಡುತ್ತದೆ. ಸೀಟಿನ ಕೆಳಗಿನ ಚಪ್ಪಲಿಯೂ ಕಾಣುತ್ತದೆ, ಹೊರಗಿನ ಮ್ಯಾಂಗ್ರೋವೂ ಕಾಣುತ್ತದೆ, ಕಣ್ಣಿಗೆ ಕಂಡ ಪಟ್ಟೆ ಮಾತ್ರ ಕಾಣುವುದಿಲ್ಲ. ಜಿಆರ್ 3ರಲ್ಲಿ ಹೈಲೈಟ್ ವೇಟೆಡ್ ಮೀಟರಿಂಗ್ ಅಂತ ಒಂದು ಆಯ್ಕೆ ಇದೆ. ಚೌಕಟ್ಟಿನಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವ ಜಾಗ ಹಾಳಾಗದ ಹಾಗೆ ಎಕ್ಸ್‌ಪೋಷರ್ ಇಡುತ್ತದೆ, ಉಳಿದದ್ದು ಕಪ್ಪಾದರೆ ಆಗಲಿ ಅಂತ ಬಿಟ್ಟುಬಿಡುತ್ತದೆ. ಬಳೆ ಹಾಕಿದ ಮಣಿಕಟ್ಟು ಮಾತ್ರ ಬೆಳಕಲ್ಲಿ, ಡಬ್ಬ ಪೂರ್ತಿ ಕತ್ತಲು. ಬೆಳಗಿನ ಗಾಡಿಗೆ ನಾನು ಇದನ್ನು ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ.

ಇನ್ನೊಂದು ಸ್ನ್ಯಾಪ್ ಫೋಕಸ್. ಜಿಆರ್ ಕೊಳ್ಳುವುದೇ ಇದಕ್ಕಾಗಿ ಅಂದರೂ ನಡೆಯುತ್ತದೆ. ಕ್ಯಾಮೆರಾ ಫೋಕಸ್ ಹುಡುಕುತ್ತಾ ಕೂರುವುದಿಲ್ಲ. ನಾವೇ ಮೊದಲು ದೂರ ಹೇಳಿಟ್ಟಿರುತ್ತೇವೆ: 1 ಮೀಟರ್, 1.5, 2, ಹೀಗೆ. ಗುಂಡಿಯನ್ನು ಅರ್ಧಕ್ಕೆ ನಿಲ್ಲಿಸದೆ ಒಂದೇ ಸಲ ಪೂರ್ತಿ ಒತ್ತಿದರೆ ಆ ದೂರಕ್ಕೇ ಫೋಕಸ್ ಇಟ್ಟು ತಕ್ಷಣ ತೆಗೆದುಬಿಡುತ್ತದೆ. ಲೆನ್ಸ್ ಅಗಲದ್ದು, ಆದ್ದರಿಂದ ಎಫ್ 8ಕ್ಕೆ ಇಟ್ಟು 2 ಮೀಟರ್ ಹೇಳಿದರೆ ಸುಮಾರು 1 ಮೀಟರಿನಿಂದ 20 ಮೀಟರಿನವರೆಗೆ ಎಲ್ಲವೂ ಚೊಕ್ಕ. ಹೊರಗೆ ಬಿಸಿಲಲ್ಲಿ ನನ್ನದು ಯಾವಾಗಲೂ ಇದೇ ಸೆಟ್ಟಿಂಗ್. ಡಬ್ಬದೊಳಗೆ, ಅಡುಗೆಮನೆಯೊಳಗೆ ಎಫ್ 5.6, 1.5 ಮೀಟರ್, ಆಗ ಒಂದು ಮೀಟರಿನಿಂದ ಮೂರು ಮೀಟರಿನ ಹತ್ತಿರದವರೆಗೆ ಸಿಗುತ್ತದೆ. ಖೋಲಿಗೆ ಅಷ್ಟು ಸಾಕು, ಅದರಾಚೆ ಇರುವುದು ಗೋಡೆ ತಾನೆ. ಮೊದಮೊದಲು ಈ ಲೆಕ್ಕ ತಲೆನೋವು ಅನ್ನಿಸಬಹುದು. ಕೈ ಚಾಚಿದರೆ ಮುಟ್ಟುವಷ್ಟಕ್ಕಿಂತ ಸ್ವಲ್ಪ ಆಚೆ ಅಂದರೆ ಒಂದು ಮೀಟರ್, ಮಂಚದ ಉದ್ದ ಅಂದರೆ ಎರಡು, ಇಷ್ಟು ಅಂದಾಜು ಬಂದರೆ ಮುಗಿಯಿತು.

ಸಂಜೆ ಗಾಡಿಯದ್ದು ಬೇರೆಯೇ ಲೋಕ. ಲೇಡೀಸ್ ಡಬ್ಬದಲ್ಲಿ ವಾಪಸು ಬರುವಾಗ ರಾತ್ರಿ ಅಡುಗೆಯ ಅರ್ಧ ಕೆಲಸ ಅಲ್ಲೇ ಆಗುತ್ತದೆ. ದಾದರಿನಲ್ಲಿ ಕೊಂಡ ಮೆಂತ್ಯೆ ಸೊಪ್ಪು ಘಾಟ್ಕೋಪರ್ ಬರುವಷ್ಟರಲ್ಲಿ ಬಿಡಿಸಿ ಆಗಿರುತ್ತದೆ. ಬಟಾಣಿ ಸುಲಿದು ಆಗಿರುತ್ತದೆ. ನಾನು ಜಾಸ್ತಿ ತೆಗೆದಿರುವುದು ಇದನ್ನೇ. ಮಡಿಲ ಮೇಲೆ ಹರಡಿದ ಪೇಪರ್, ಒಂದು ಕಡೆ ಎಲೆ, ಇನ್ನೊಂದು ಕಡೆ ಕಡ್ಡಿ, ತುದಿ ಹಸಿರಾದ ಹೆಬ್ಬೆರಳು, ಉಂಗುರಕ್ಕೆ ಸಿಕ್ಕಿಕೊಂಡ ಒಂದು ಎಲೆ, ಚೀಲಕ್ಕೆ ಒರಗಿಸಿಟ್ಟ ಫೋನಿನಲ್ಲಿ ಓಡುತ್ತಿರುವ ಧಾರಾವಾಹಿ. ಎದುರಿನ ಸೀಟಿನಿಂದ ಮಡಿಲಿಗೆ ಇರುವ ದೂರ ಒಂದು ಮೀಟರೂ ಇಲ್ಲ. 28 ಎಂಎಂ ಇಲ್ಲದಿದ್ದರೆ ಬರೀ ಸೊಪ್ಪು ಬರುತ್ತಿತ್ತು. ಇದರಲ್ಲಿ ಸೊಪ್ಪೂ ಬರುತ್ತದೆ, ಪಕ್ಕದಲ್ಲಿ ನಿದ್ದೆ ಹೋಗಿ ಅವರ ಭುಜಕ್ಕೆ ತಲೆ ಕೊಟ್ಟ ಹುಡುಗಿಯ ಜಡೆಯೂ ಬರುತ್ತದೆ, ಕಾಲ ಬಳಿ ಕೂತು ಹೇರ್‌ಕ್ಲಿಪ್ ಮಾರುವವಳ ಬುಟ್ಟಿಯ ಅಂಚೂ ಬರುತ್ತದೆ.

ಮುಖ ತೆಗೆಯುವುದಾದರೆ ಕೇಳಿಯೇ ತೆಗೆಯುತ್ತೇನೆ. ಲೇಡೀಸ್ ಡಬ್ಬ ಅಂದರೆ ದಿನಕ್ಕೆ ಒಂದೆರಡು ಗಂಟೆ ಯಾರ ಕಣ್ಣೂ ಬೀಳದ ಜಾಗ ಅಂತ ಎಷ್ಟೋ ಹೆಂಗಸರು ಸೆರಗು ಸಡಿಲ ಮಾಡಿ ಕೂರುತ್ತಾರೆ. ಅದನ್ನು ಕೆಡಿಸುವ ಹಕ್ಕು ನನಗಿಲ್ಲ. ಬೇಡ ಅಂದರೆ ಬೇಡ. ಆದರೆ ಕೇಳಿದಾಗ ಫೋನ್ ಕೈಯಲ್ಲಿದ್ದರೆ ಸಿಗುವ ಉತ್ತರವೇ ಬೇರೆ, ಈ ಪುಟ್ಟ ಕಪ್ಪು ಡಬ್ಬ ಕೈಯಲ್ಲಿದ್ದರೆ ಬೇರೆ. ಫೋನ್ ಎತ್ತಿದರೆ ರೀಲ್ಸ್ ಮಾಡುತ್ತಾಳೆ, ಎಲ್ಲಿ ಹಾಕುತ್ತಾಳೋ ಅಂತ ಅನುಮಾನ. ಇದನ್ನು ನೋಡಿದರೆ ನಗು. ಇನ್ನೂ ಇಂಥ ಕ್ಯಾಮೆರಾ ಸಿಗುತ್ತದಾ, ರೋಲ್ ಎಲ್ಲಿ ಹಾಕಿಸುತ್ತೀರಿ ಅಂತ ಕೇಳಿದವರೂ ಇದ್ದಾರೆ. ಶಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದೂ ಇಲ್ಲದಷ್ಟು ಕಡಿಮೆ. ಮೆಂತ್ಯೆ ಬಿಡಿಸುತ್ತಿದ್ದ ಒಬ್ಬರಿಗೆ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಕೆಟ್ಟದಾಗಿ ಉಗುರು ಬೆಳೆದಿದೆಯಾ ಅಂದರು. ಮರುದಿನ ಅವರ ಗುಂಪಿನ ಎಲ್ಲರಿಗೂ ಒಂದೊಂದು ಬೇಕಾಯಿತು.

ಹತ್ತಿರದಿಂದ ತೆಗೆಯುವುದಕ್ಕೆ ಮ್ಯಾಕ್ರೋ ಇದೆ. 6 ಸೆಂಟಿಮೀಟರಿನಷ್ಟು ಹತ್ತಿರ ಹೋಗಬಹುದು. ಇದು ನನಗೆ ತುಂಬಾ ಇಷ್ಟವಾದದ್ದು ಮಾಟುಂಗದಲ್ಲಿ, ಮುಂಬಯಿಯ ದಕ್ಷಿಣ ಭಾರತೀಯರ ಬಡಾವಣೆಯಲ್ಲಿ. ನಮ್ಮವರು ಯಾರು ಮುಂಬಯಿಗೆ ಬಂದರೂ ಒಂದು ಸಲ ಮಾಟುಂಗಕ್ಕೆ ಹೋಗದೆ ಇರುವುದಿಲ್ಲ, ಹೋದರೆ ಹೋಟೆಲಿಗೆ ನುಗ್ಗದೆ ಇರುವುದಿಲ್ಲ. ದೋಸೆಯ ಫೋಟೋ ಎಲ್ಲರೂ ತೆಗೆಯುತ್ತಾರೆ, ಬಿಡಿ. ನನಗೆ ಬೇಕಾದದ್ದು ಗಲ್ಲಾದ ಪಕ್ಕದಲ್ಲಿ ಇರುವ ಬಿಲ್ಲು ಚುಚ್ಚುವ ಕಂಬಿ. ಬೆಳಗಿನಿಂದ ಚುಚ್ಚಿ ಚುಚ್ಚಿ ಗೇಣುದ್ದ ಆಗಿರುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಚೀಟಿಯ ಅಂಚಿಗೂ ಒಂದೊಂದು ಬಣ್ಣ, ಸಾಂಬಾರ್ ತಾಗಿದ್ದು, ಕಾಫಿ ತಾಗಿದ್ದು, ಎಣ್ಣೆಯಿಂದ ಆಚೆ ಕಾಣುವ ಹಾಗೆ ಆದದ್ದು. ಎಲ್ಲಕ್ಕಿಂತ ಕೆಳಗಿನದ್ದು ಬೆಳಗಿನ ಮೊದಲ ಕಾಫಿಯದ್ದು. ನಾನು ಕ್ಯಾಮೆರಾ ಅದಕ್ಕೆ ಅಂಟಿಸಿಕೊಂಡು ನಿಂತದ್ದು ನೋಡಿ ಗಲ್ಲಾದಲ್ಲಿ ಕೂತ ಹಿರಿಯರು ಕನ್ನಡಕ ಮೇಲೇರಿಸಿ, "ಇದ್ರ ಫೋಟೋ ಎಂತಕ್ಕೆ ಮಾರಾಯ್ರೆ, ನೀವು ಇನ್‌ಕಮ್ ಟ್ಯಾಕ್ಸಿನವರಲ್ಲ ಅಲ್ವಾ?" ಅಂದರು.

ಅಲ್ಲೇ ಹೂವಿನ ಅಂಗಡಿಗಳ ಸಾಲಿನಲ್ಲಿ ಊರಿನ ಮಲ್ಲಿಗೆ ಸಿಗುತ್ತದೆ, ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆ. ದೂರದಿಂದ ಬರೀ ಬಿಳಿ. ಹತ್ತಿರ ಹೋದರೆ ಬಾಳೆನಾರಿನ ಗಂಟು ಕಾಣುತ್ತದೆ. ದಾರವಲ್ಲ, ನಾರು. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ನಡುವೆ ಕಂದು ಬಣ್ಣದ ಒಂದು ಸುತ್ತು. ಪ್ರತಿಯೊಂದು ಸುತ್ತೂ ಊರಿನ ಯಾವುದೋ ಜಗಲಿಯಲ್ಲಿ ಕೂತು ಬೆಳಿಗ್ಗೆ ಯಾರೋ ಹಾಕಿದ್ದು. ಅದನ್ನು ಎ3 ಅಳತೆಗೆ ಪ್ರಿಂಟ್ ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದೇನೆ. 6000 ಪಿಕ್ಸೆಲ್ ಉದ್ದದ ಫೈಲ್ ಇದು, ಎ3ಗೆ ಏನೂ ತ್ರಾಸಿಲ್ಲ. ಊರಿಂದ ಬಂದ ಅಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತು, ಕಟ್ಟಿದವಳಿಗೆ ಅವಸರ ಇತ್ತು, ಮೂರನೆಯ ಗಂಟು ಸಡಿಲ ಆಗಿದೆ ಅಂದಳು. ಫೋಟೋ ಬಗ್ಗೆ ಇಷ್ಟು ಸರಿಯಾದ ವಿಮರ್ಶೆ ನನಗೆ ಇನ್ಯಾರೂ ಕೊಟ್ಟಿಲ್ಲ.

ಬಣ್ಣದ ವಿಷಯ. ಜಿಆರ್ ಅಂದರೆ ಕಪ್ಪು ಬಿಳುಪು ಅನ್ನುವ ಒಂದು ಹುಚ್ಚು ಎಲ್ಲ ಕಡೆ ಇದೆ. ಜಪಾನಿನ ದೈದೊ ಮೊರಿಯಾಮ ಈ ಸರಣಿಯ ಕ್ಯಾಮೆರಾ ಹಿಡಿದು ಟೋಕಿಯೋ ಬೀದಿ ತಿರುಗಿದವರು, ಅವರ ಕಪ್ಪು ಬಿಳುಪಿನ ಪ್ರಭಾವ ಅದು. ಹೈ ಕಾಂಟ್ರಾಸ್ಟ್ ಮೋಡ್‌ಗೆ ಹಾಕಿದರೆ ಕಸದ ಬುಟ್ಟಿಯೂ ಗಂಭೀರವಾಗಿ ಕಾಣುತ್ತದೆ, ನಿಜ. ಆದರೆ ಮುಂಬಯಿಯಲ್ಲಿ ಬಣ್ಣ ತೆಗೆದುಹಾಕುವುದು ಅಂದರೆ ಅರ್ಧ ಊರು ತೆಗೆದುಹಾಕಿದ ಹಾಗೆ. ಮಳೆಗಾಲದಲ್ಲಿ ನೋಡಿ. ಜೂನ್ ಎರಡನೆಯ ವಾರ ಮಳೆ ಬರುವ ಮುಂಚೆಯೇ ಎಲ್ಲ ಗುಡಿಸಲು, ಅಂಗಡಿ, ಹಳೆ ಕಟ್ಟಡದ ಮಾಡಿಗೆ ನೀಲಿ ಟಾರ್ಪಾಲ್ ಏರುತ್ತದೆ. ಅದರ ಕೆಳಗೆ ನಿಂತರೆ ತರಕಾರಿಯವನ ಬಿಳಿ ಬನಿಯನ್, ಮೂಲಂಗಿ, ತಕ್ಕಡಿ, ಅವನ ಹಲ್ಲು ಎಲ್ಲ ತೆಳು ನೀಲಿ. ಟೊಮೆಟೊ ಮಾತ್ರ ಕಪ್ಪಾಗಿ ಕಾಣುತ್ತದೆ, ಅದಕ್ಕೇ ಅವನು ಅದರ ಮೇಲೆ ಒಂದು ಹಳದಿ ಬಲ್ಬು ಇಳಿಬಿಟ್ಟಿರುತ್ತಾನೆ. ಫೋನ್ ಈ ನೀಲಿಯನ್ನು ತಪ್ಪು ಅಂತ ತಿಳಿದು ಸರಿಮಾಡುತ್ತದೆ. ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಮಾಡುವ ಸೆಟ್ಟಿಂಗ್) ಡೇಲೈಟ್‌ಗೆ ಇಟ್ಟು, ಪಾಸಿಟಿವ್ ಫಿಲ್ಮ್ ಅನ್ನುವ ಬಣ್ಣದ ಆಯ್ಕೆ ಹಾಕಿ, ಹಾಗೇ ಬಿಡಿ. ನೀಲಿ ನೀಲಿಯಾಗೇ ಇರುತ್ತದೆ.

ಬಿಸಿಲಿನ ಲೆಕ್ಕ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಮುಂಬಯಿ ಇರುವುದು 19 ಡಿಗ್ರಿ ಉತ್ತರದಲ್ಲಿ. ಮೇ ಮಧ್ಯದಲ್ಲಿ ಒಂದು ದಿನ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಜುಲೈ ಕೊನೆಯಲ್ಲಿ ಮತ್ತೊಮ್ಮೆ, ಆದರೆ ಆಗ ಮೋಡ. ಬೇಸಿಗೆಯಲ್ಲಿ ಮಧ್ಯಾಹ್ನದ ಫೋಟೋ ಚಪ್ಪಟೆಯಾಗಿ ಬರಲು ಇದೇ ಕಾರಣ. ಡಿಸೆಂಬರಿನಲ್ಲಿ ಅದೇ ಸೂರ್ಯ ಮಧ್ಯಾಹ್ನವೂ 50 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಚಾಳಿನ ಗ್ಯಾಲರಿಯೊಳಗೆ ಬಿಸಿಲು ಆಗ ಹೊಸ್ತಿಲವರೆಗೆ ಬಂದು ಕೂರುತ್ತದೆ. ಒಣಗಲು ಹಾಕಿದ ಸೀರೆಯ ನೆರಳು, ಗ್ಯಾಲರಿಯ ಕಟಕಟೆಯ ನೆರಳು, ಉಪ್ಪಿನಕಾಯಿ ಜಾಡಿಯ ನೆರಳು, ಎಲ್ಲ ಉದ್ದುದ್ದ. ವರ್ಷಕ್ಕೆ ಎರಡು ತಿಂಗಳು ಈ ಊರಿನ ಪ್ರತಿ ಗ್ಯಾಲರಿಯೂ ಸ್ಟುಡಿಯೋ.

ಇಂಥ ಸಾಮಾನ್ಯ ಫೋಟೋ ಯಾರು ನೋಡುತ್ತಾರೆ ಅಂತ ಕೇಳುವವರು ಇದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನೆನೆಸಿಕೊಳ್ಳಿ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು, 1977ರಲ್ಲಿ ಪದ್ಮಶ್ರೀ ಬಂತು. ದೊಡ್ಡ ದೊಡ್ಡ ಪತ್ರಿಕೆಗಳಿಗೆ ದೊಡ್ಡ ದೊಡ್ಡ ಸುದ್ದಿ ತೆಗೆದುಕೊಟ್ಟವರು, ಆದರೆ ಜನರ ಮನಸ್ಸಿನಲ್ಲಿ ಉಳಿದಿರುವುದು ಅವರು ತೆಗೆದ ಮಕ್ಕಳು, ಹಳ್ಳಿಯವರು, ಕೆಲಸದಲ್ಲಿ ಮುಳುಗಿದ ಸಾಮಾನ್ಯ ಜನ. ಮುಂಬಯಿಯಲ್ಲೇ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಹೋಮೈ ವ್ಯಾರವಾಲಾ ಶುರುಮಾಡಿದ್ದೂ ಹೀಗೇ, ಈ ಊರಿನ ದಿನನಿತ್ಯದ ಬದುಕು ತೆಗೆಯುತ್ತಾ. ಆ ಮೊದಲ ಫೋಟೋಗಳು ಅಚ್ಚಾದದ್ದು ಗಂಡನ ಹೆಸರಲ್ಲಿ! ಆಮೇಲೆ ದೇಶದ ಮೊದಲ ಮಹಿಳಾ ಫೋಟೋ ಪತ್ರಕರ್ತೆ ಅನ್ನಿಸಿಕೊಂಡು, 2011ರಲ್ಲಿ ಪದ್ಮವಿಭೂಷಣ ಪಡೆದರು.

ನನ್ನ ಅನುಭವದ್ದು ಒಂದು ಹೇಳುತ್ತೇನೆ. ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಹೋಯಿತು. ಕೊನೆಯದ್ದು ನೋಂದಣಿ ಆದದ್ದು 2003ರಲ್ಲಿ, ಇಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಹೋಗುವ ಮುಂಚೆ ಎಲ್ಲರೂ ಓಡಿಬಂದು ಫೋಟೋ ತೆಗೆದರು, ಹೊರಗಿನಿಂದ. ಫೋರ್ಟ್ ಬಡಾವಣೆಯಲ್ಲಿ ಆಫೀಸ್ ಇರುವುದರಿಂದ ಮಳೆ ಬಂದಾಗಲೆಲ್ಲ ಈ ಟ್ಯಾಕ್ಸಿ ಹತ್ತುತ್ತಿದ್ದ ನನಗೆ ಇಷ್ಟವಾಗಿದ್ದದ್ದು ಒಳಗಿನ ಛಾವಣಿ. ದೊಡ್ಡ ದೊಡ್ಡ ಗುಲಾಬಿ ಹೂವಿನ ರೆಕ್ಸಿನ್, ನಡುವೆ ಒಂದು ಬಟನ್, ಅದರ ಸುತ್ತ ಸುಕ್ಕು, ಮೂಲೆಯಲ್ಲಿ ಬೀಡಿಯಿಂದ ಸುಟ್ಟ ತೂತು. ಹಿಂದಿನ ಸೀಟಿನಲ್ಲಿ ಕೂತು ಮೇಲಕ್ಕೆ ತೆಗೆದರೆ ಛಾವಣಿಯ ಜೊತೆ ಡ್ರೈವರಿನ ತಲೆ, ಕನ್ನಡಿಗೆ ಕಟ್ಟಿದ ನಿಂಬೆಹಣ್ಣು, ಮೀಟರು ಎಲ್ಲ ಒಂದೇ ಚೌಕಟ್ಟಿಗೆ ಬಂದವು. ಮತ್ತೆ ಅದೇ ಮಾತು, ಹಿಂದೆ ಸರಿಯಲು ಅಲ್ಲಿ ಎಲ್ಲಿದೆ ಜಾಗ?

ಈಗ ಬೇಡದ್ದು. ಬ್ಯಾಟರಿ ಸಣ್ಣದು. ಒಂದು ಚಾರ್ಜಿಗೆ ಸುಮಾರು 200 ಫೋಟೋ ಅಂತ ಕಂಪನಿಯೇ ಹೇಳುತ್ತದೆ. ಇನ್ನೊಂದು ಬ್ಯಾಟರಿ ಕೊಂಡರೆ ನೆಮ್ಮದಿ. ಯುಎಸ್‌ಬಿ-ಸಿ ಚಾರ್ಜಿಂಗ್ ಇದೆ, ಫೋನಿನ ಪವರ್ ಬ್ಯಾಂಕ್ ಸಾಕಾಗುತ್ತದೆ. ಬಿಸಿಲಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲ, ವ್ಯೂಫೈಂಡರೂ ಇಲ್ಲ, ಅಂದಾಜಿನ ಮೇಲೆ ನಡೆಸಬೇಕು. ಚೌಕಟ್ಟಿನ ಅಂಚಿನಲ್ಲಿ ಮುಖ ಇಟ್ಟರೆ ಎಳೆದ ಹಾಗೆ ಅಗಲ ಆಗುತ್ತದೆ. ಇದು ಅಗಲ ಲೆನ್ಸಿನ ಗುಣ, ಮನುಷ್ಯರನ್ನು ನಡುವೆ ಇಡಿ, ಡಬ್ಬ ಪಾತ್ರೆಗಳನ್ನು ಅಂಚಿಗೆ ತಳ್ಳಿ. ಎಲ್ಲಕ್ಕಿಂತ ದೊಡ್ಡ ಕೊರತೆ, ನೀರು ಮತ್ತು ಧೂಳಿಗೆ ಸೀಲಿಂಗ್ ಇಲ್ಲ. ಮೆಟ್ರೋ ಕೆಲಸ, ಕಟ್ಟಡ ಕೆಲಸ ಅಂತ ವರ್ಷವಿಡೀ ಧೂಳು ಹಾರುವ ಊರಿಗೆ, ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿಗೆ ಇದು ಸಣ್ಣ ವಿಷಯ ಅಲ್ಲ. ನಾನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತೇನೆ. ಮನೆಯಲ್ಲಿ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಇಲ್ಲದಿದ್ದರೆ ಇಲ್ಲಿನ ಸೆಕೆಗೆ ಯಾವ ಲೆನ್ಸಿಗಾದರೂ ಬೂಷ್ಟು ಹಿಡಿಯುತ್ತದೆ.

ಫೋನ್ ಇರುವಾಗ ಇದು ಬೇಕಾ? ಜಾಸ್ತಿ ಜನಕ್ಕೆ ಬೇಡ. ಫೋನಿನ ಮುಖ್ಯ ಲೆನ್ಸೂ ಹೆಚ್ಚುಕಡಿಮೆ ಇಷ್ಟೇ ಅಗಲದ್ದು. ಬೆಳಕು ಸರಿ ಇದ್ದರೆ ಫೋಟೋವೂ ಚೆನ್ನಾಗಿ ಬರುತ್ತದೆ. ನನಗೆ ಬೇಕಾದದ್ದು ಎರಡೇ ಕಾರಣಕ್ಕೆ: ನೆರಳನ್ನು ನೆರಳಾಗಿ ಬಿಡುತ್ತದೆ, ಮತ್ತೆ ಫೋಟೋ ತೆಗೆಯಲು ಅಂತ ಹೊರತೆಗೆದರೆ ಮಧ್ಯದಲ್ಲಿ ಆಫೀಸಿನ ಮೆಸೇಜು ಬರುವುದಿಲ್ಲ.

ಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್ ನೋಡಿ. 2025ರಲ್ಲಿ ಜಿಆರ್ 4 ಬಂದಿದೆ, ಹೊಸದಕ್ಕೆ ಹೋಗುವವರು ಹಳೆಯದನ್ನು ಮಾರುತ್ತಿದ್ದಾರೆ. ಸಿಎಸ್‌ಎಂಟಿ ಎದುರಿನ ಬೋರಾ ಬಜಾರ್ ಕಡೆ ಕ್ಯಾಮೆರಾ ಅಂಗಡಿಗಳ ಸಾಲೇ ಇದೆ, ನನ್ನದೂ ಅಲ್ಲಿಯದೇ. ಒಂದು ಅಂಗಡಿಯವನು ಯಾವುದೋ ಲೋಕಲ್ ಬ್ಯಾಟರಿ ಹಾಕಿ ಒರಿಜಿನಲ್ ಅಂತ ದಾಟಿಸಲು ನೋಡಿದ, ಆದ್ದರಿಂದ ಬ್ಯಾಟರಿ ತೆಗೆದು ಮೇಲಿನ ಅಕ್ಷರ ಓದಿ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಒಂದು ಫೋಟೋ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರಿನಲ್ಲಿ ಧೂಳು ಇದೆ ಅಂತ ಅರ್ಥ, ಲೆನ್ಸ್ ಬಿಚ್ಚಲು ಬರುವ ಕ್ಯಾಮೆರಾ ಅಲ್ಲವಾದ್ದರಿಂದ ನೀವೇ ಒರೆಸಿಕೊಳ್ಳಲು ಆಗುವುದಿಲ್ಲ. ಆನ್ ಆಫ್ ನಾಲ್ಕೈದು ಸಲ ಮಾಡಿ, ಲೆನ್ಸ್ ತಡವರಿಸದೆ ಒಳಗೆ ಹೊರಗೆ ಹೋಗಬೇಕು.

ಜಿಆರ್ 3ಎಕ್ಸ್ ಅಂತ ಇನ್ನೊಂದು ಇದೆ, 2021ರಲ್ಲಿ ಬಂದದ್ದು. ಎಲ್ಲ ಇದೇ, ಲೆನ್ಸ್ ಮಾತ್ರ 40 ಎಂಎಂ. ಅಂಗಡಿಯವರು ಅದನ್ನೇ ಜಾಸ್ತಿ ಹೊಗಳುತ್ತಾರೆ, ಮುಖ ಚೆನ್ನಾಗಿ ಬರುತ್ತದೆ ಅಂತ. ಬರುತ್ತದೆ, ಸುಳ್ಳಲ್ಲ. ಪುಣೆಯಲ್ಲಿ ಅಂಗಳ ಇರುವ ಮನೆಯವರು, ಗೋವಾದಲ್ಲಿ ಉದ್ದದ ಬಾಲ್ಕಾವ್ (ಮನೆಮುಂದಿನ ಜಗಲಿ) ಇರುವವರು ಧಾರಾಳವಾಗಿ ಅದನ್ನೇ ಕೊಳ್ಳಿ. ಡೊಂಬಿವಲಿ ಫಾಸ್ಟ್ ಲೋಕಲ್ ಹತ್ತುವವರಿಗೆ 28 ಸಾಕು. ಕೈಗೆ ಸುತ್ತಿಕೊಳ್ಳುವ ಪಟ್ಟಿ ಒಂದು ಜೊತೆಗೆ ಕೊಳ್ಳಿ, ದಾದರಿನಲ್ಲಿ ಇಳಿಯುವಾಗ ಕ್ಯಾಮೆರಾ ನಿಮ್ಮ ಜೊತೆಗೇ ಇಳಿಯಬೇಕಲ್ಲ.